ಹುಳುಕು ಕಡಿಮೆಯಾದರೆ ಹಲ್ಲಿನ ಡಾಕ್ಟರಿಗೆ ಕೆಲಸ ಉಳಿಯುತ್ತದೆಯೇ?

ಮೈಸೂರಿನಲ್ಲಿ ನಾನು ಹಲ್ಲು ತೋರಿಸುವ ಡಾಕ್ಟರು 1980ರ ದಶಕದ ಕೊನೆಯಲ್ಲಿ ಕ್ಲಿನಿಕ್ ಶುರು ಮಾಡಿದವರು. ಕಂಪ್ಯೂಟರ್ ಬಂದ ಮೇಲೂ ಹಳೆಯ ರಿಜಿಸ್ಟರುಗಳನ್ನು ಎಸೆದಿಲ್ಲ. ದಿನಸಿ ಅಂಗಡಿಯವರು ಲೆಕ್ಕ ಬರೆಯುತ್ತಾರಲ್ಲ, ಅಂಥ ಉದ್ದನೆಯ ಕೆಂಪು ರಟ್ಟಿನ ಪುಸ್ತಕಗಳು. ಒಮ್ಮೆ ನನ್ನ ಸರದಿ ತಡವಾದಾಗ ಅದರಲ್ಲೊಂದನ್ನು ಕೈಗಿಟ್ಟು "ನೋಡ್ತಾ ಇರಿ" ಅಂದರು. ಪುಟದ ತುಂಬ ಒಂದೇ ಪದ: ಎಕ್ಸ್‌ಟ್ರಾಕ್ಷನ್, ಎಕ್ಸ್‌ಟ್ರಾಕ್ಷನ್, ಎಕ್ಸ್‌ಟ್ರಾಕ್ಷನ್. ಎಂಟು ಹತ್ತು ಸಾಲಿಗೊಮ್ಮೆ ಒಂದು ಸಿಮೆಂಟು ತುಂಬಿಸಿದ್ದು. ಅಲ್ಲೊಂದು ಇಲ್ಲೊಂದು 'ಫುಲ್ ಸೆಟ್', ಅದರ ಪಕ್ಕ ಅಡ್ವಾನ್ಸ್ ಎಷ್ಟು, ಬಾಕಿ ಎಷ್ಟು. ಅದೇ ಮೇಜಿನ ಮೇಲಿದ್ದ ಕಂಪ್ಯೂಟರಿನಲ್ಲಿ ಆ ದಿನದ ಪಟ್ಟಿ ಬೇರೆಯೇ ಇತ್ತು. ರೂಟ್ ಕೆನಾಲ್ ಎರಡನೇ ಸಿಟಿಂಗ್, ಕ್ಲಿಪ್ ಬಿಗಿ ಮಾಡುವುದು, ಕ್ಯಾಪಿಗೆ ಅಳತೆ, ಎರಡು ಕ್ಲೀನಿಂಗ್, ಇಂಪ್ಲಾಂಟ್ ಹೊಲಿಗೆ ಬಿಚ್ಚುವುದು, ಒಂದು ಮಗುವಿಗೆ ಫ್ಲೋರೈಡ್ ಬಳಿಯುವುದು. ಕೀಳುವುದು ಒಂದೇ ಒಂದು, ಅದೂ ಅಡ್ಡ ಬೆಳೆದ ಬುದ್ಧಿಹಲ್ಲು.

"ಎಲ್ಲರೂ ಹಲ್ಲು ಚೆನ್ನಾಗಿ ಇಟ್ಟುಕೊಂಡರೆ ನಿಮಗೆ ಕೆಲಸ ಇರಲ್ಲ ಅಲ್ವಾ ಡಾಕ್ಟ್ರೇ?" ಎಂದು ತಮಾಷೆಗೆ ಕೇಳಿದೆ.

"ಹಲ್ಲೇ ಇಲ್ಲದವರಿಗೆ ಜೀವಮಾನಕ್ಕೆ ಎರಡು ಸೆಟ್ಟು ಸಾಕು ಕಣ್ರೀ. ಹಲ್ಲಿದ್ದವರೇ ನನಗೆ ಗಿರಾಕಿ" ಅಂದರು.

ನಗುತ್ತಾ ಹೇಳಿದ ಈ ಮಾತು ಗೊತ್ತಾಗದೆ ಕೆಲವು ಶ್ರೀಮಂತ ದೇಶಗಳು ಇಪ್ಪತ್ತು ವರ್ಷ ತಪ್ಪು ಲೆಕ್ಕ ಹಾಕಿದವು. ಕಾಲೇಜುಗಳನ್ನು ಮುಚ್ಚಿದವು, ಆಮೇಲೆ ಮತ್ತೆ ತೆರೆದವು. ಆ ಕತೆಯಿಂದಲೇ ಶುರು ಮಾಡಬೇಕು. ಏಕೆಂದರೆ ನಮ್ಮಲ್ಲಿ ಈಗ ನಡೆಯುತ್ತಿರುವ 'ಬಿಡಿಎಸ್ ಮಾಡಿದರೆ ಕೆಲಸ ಸಿಗುತ್ತದೆಯೇ' ಎಂಬ ಚರ್ಚೆಯಲ್ಲೂ ಅದೇ ತಪ್ಪು ಅಡಗಿ ಕೂತಿದೆ.

ಅಮೆರಿಕದ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ 1945ರ ಜನವರಿ 25ರಂದು ನಲ್ಲಿ ನೀರಿಗೆ ಅಳತೆ ಮಾಡಿ ಫ್ಲೋರೈಡ್ ಬೆರೆಸತೊಡಗಿತು. ಜಗತ್ತಿನಲ್ಲೇ ಇಂಥದ್ದಕ್ಕೆ ಕೈಹಾಕಿದ ಮೊದಲ ಊರು ಅದು. ಆಮೇಲೆ ಹುಟ್ಟಿದ ಅಲ್ಲಿನ ಮಕ್ಕಳಲ್ಲಿ ಹುಳುಕು ಅರ್ಧಕ್ಕಿಂತ ಹೆಚ್ಚು ಇಳಿಯಿತು. 1950ರ ದಶಕದ ನಡುವೆ ಫ್ಲೋರೈಡ್ ಪೇಸ್ಟ್ ಅಂಗಡಿಗೆ ಬಂತು. 1979–80ರ ರಾಷ್ಟ್ರೀಯ ಸಮೀಕ್ಷೆಯ ವೇಳೆಗೆ 5ರಿಂದ 17 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 37 ಮಂದಿಯ ಕಾಯಂ ಹಲ್ಲುಗಳಲ್ಲಿ ಒಂದು ಹುಳುಕೂ ಇರಲಿಲ್ಲ. 1986–87ರಲ್ಲಿ ಹೀಗಿದ್ದವರು ಸುಮಾರು ಅರ್ಧದಷ್ಟಾದರು.

ಅಂಕಿ ನೋಡಿದವರು ನೇರ ಲೆಕ್ಕ ಹಾಕಿದರು. ಹುಳುಕಿಲ್ಲ ಎಂದರೆ ತುಂಬಿಸುವುದಿಲ್ಲ, ತುಂಬಿಸುವುದಿಲ್ಲ ಎಂದರೆ ಡಾಕ್ಟರು ಬೇಡ. ಅಮೆರಿಕದ ದಂತವೈದ್ಯ ಕಾಲೇಜುಗಳ ಮೊದಲ ವರ್ಷಕ್ಕೆ 1978ರ ಸುಮಾರಿಗೆ 6,300 ಮಂದಿ ಸೇರುತ್ತಿದ್ದರು. 1989ರ ಹೊತ್ತಿಗೆ ಆ ಸಂಖ್ಯೆ 4,000ಕ್ಕೆ ಬಂದು ನಿಂತಿತು. 1986ರಿಂದ 2001ರ ನಡುವೆ ಏಳು ಖಾಸಗಿ ಕಾಲೇಜುಗಳು ಬಾಗಿಲು ಹಾಕಿದವು. ಅವೇನೂ ಬೀದಿಬದಿಯ ಕಾಲೇಜುಗಳಲ್ಲ. ಎಮೊರಿ, ಜಾರ್ಜ್‌ಟೌನ್, ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯ, ಷಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್. ಹುಳುಕು ಇಳಿದದ್ದೊಂದೇ ಕಾರಣವಲ್ಲ, ನಿಜ. ಅದಕ್ಕೆ ಮುಂಚೆ ಸರ್ಕಾರದ ಹಣ ಸುರಿದು ಸೀಟುಗಳನ್ನು ವಿಪರೀತ ಏರಿಸಿದ್ದರು. ಕಾಲೇಜಿನ ಜೊತೆ ಕ್ಲಿನಿಕ್ ನಡೆಸುವ ಖರ್ಚು ವಿಶ್ವವಿದ್ಯಾಲಯಗಳಿಗೆ ಭಾರವಾಗಿತ್ತು. ಆದರೆ 'ಈ ವೃತ್ತಿಗೆ ಮುಂದೆ ಕಾಲವಿಲ್ಲ' ಎಂಬ ಮಾತು ಮುಚ್ಚುವವರ ಬಾಯಲ್ಲಿ ಸಿದ್ಧವಾಗಿತ್ತು. ನೆದರ್ಲೆಂಡ್ಸ್ ಕೂಡ 1980ರ ದಶಕದಲ್ಲಿ ಯುಟ್ರೆಕ್ಟ್, ಗ್ರೋನಿಂಗನ್ ಎರಡೂ ಕಡೆಯ ದಂತವೈದ್ಯ ಶಿಕ್ಷಣ ನಿಲ್ಲಿಸಿತು. ಇಂಗ್ಲೆಂಡಿನಲ್ಲಿ ಲಂಡನ್ನಿನ ರಾಯಲ್ ಡೆಂಟಲ್ ಆಸ್ಪತ್ರೆ 1985ರಲ್ಲಿ ಮುಚ್ಚಿತು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ 1994ರಲ್ಲಿ ಪದವಿ ತರಗತಿಗಳು ನಿಂತವು.

ಆಮೇಲೆ? ಗ್ರೋನಿಂಗನ್ 1990ರ ದಶಕದಲ್ಲೇ ಮತ್ತೆ ಬಾಗಿಲು ತೆರೆಯಿತು. ಅಮೆರಿಕದಲ್ಲಿ 1997ರಿಂದ ಹೊಸ ಕಾಲೇಜುಗಳು ಒಂದರ ಹಿಂದೊಂದು ಹುಟ್ಟಿದವು. ಇಂಗ್ಲೆಂಡಿನಲ್ಲಿ 2007ರಲ್ಲಿ ಹೊಸ ಕಾಲೇಜುಗಳು ಶುರುವಾದವು. ಹುಳುಕಂತೂ ಮತ್ತೆ ಮೊದಲಿನ ಮಟ್ಟಕ್ಕೆ ಏರಿರಲಿಲ್ಲ.

ಒಂದು ಹಲ್ಲಿನ ಲೆಕ್ಕ

ಇದು ಹೇಗಾಯಿತು ಎಂದು ತಿಳಿಯಲು ದೇಶದ ಲೆಕ್ಕ ಬಿಟ್ಟು ಒಂದೇ ಒಂದು ಹಲ್ಲಿನ ಲೆಕ್ಕ ಹಿಡಿಯೋಣ. ಕೆಳದವಡೆಯ ಮೊದಲ ಕಾಯಂ ದವಡೆ ಹಲ್ಲು, ಮಗುವಿಗೆ ಆರು ವರ್ಷವಾದಾಗ ಹಾಲುಹಲ್ಲುಗಳ ಸಾಲಿನ ಹಿಂದೆ ಸದ್ದಿಲ್ಲದೆ ಹುಟ್ಟುವಂಥದ್ದು. ಅದು ಉಳಿಯಬೇಕಾದ ಹಲ್ಲು ಎಂದು ಎಷ್ಟೋ ಅಪ್ಪ ಅಮ್ಮಂದಿರಿಗೆ ಗೊತ್ತೇ ಇರುವುದಿಲ್ಲ, 'ಬಿದ್ದು ಬರುತ್ತದೆ ಬಿಡಿ' ಅಂದುಕೊಳ್ಳುತ್ತಾರೆ.

ಮೊದಲ ಕಾಲ: ಈ ಹಲ್ಲು ಹನ್ನೆರಡಕ್ಕೆ ಹುಳುಕಾಯಿತು, ಹದಿನೈದಕ್ಕೆ ತಡೆಯಲಾರದ ನೋವು ಬಂತು, ಕಿತ್ತರು. ಡಾಕ್ಟರಿಗೆ ಹತ್ತು ನಿಮಿಷದ ಕೆಲಸ, ಕತೆ ಮುಗಿಯಿತು. ಹೀಗೆ ಒಂದೊಂದಾಗಿ ಹೋಗಿ, ಐವತ್ತಕ್ಕೆ ಉಳಿದದ್ದನ್ನೂ ಕಿತ್ತು ಸೆಟ್ಟು ಕಟ್ಟಿಸಿದರೆ ಆ ಬಾಯಿಯ ಖಾತೆ ಮುಕ್ತಾಯ. ಹಲ್ಲಿಲ್ಲದ ಬಾಯಿಯಷ್ಟು ಕಡಿಮೆ ಚಿಕಿತ್ಸೆ ಬೇಡುವ ಬಾಯಿ ಇನ್ನೊಂದಿಲ್ಲ.

ಎರಡನೇ ಕಾಲ: ಜನರ ಕೈಯಲ್ಲಿ ಸ್ವಲ್ಪ ಹಣ, ಪೇಸ್ಟು, ಊರಿಗೊಬ್ಬ ಡಾಕ್ಟರು ಇದ್ದಾರೆ. ಅದೇ ಹಲ್ಲು ಹುಳುಕಾಯಿತು, ಆದರೆ ಹದಿನಾಲ್ಕಕ್ಕೆ ಸಿಮೆಂಟು ತುಂಬಿಸಿದರು. ತುಂಬಿಸಿದ್ದು ಶಾಶ್ವತವಲ್ಲ. ಹತ್ತು ಹದಿನೈದು ವರ್ಷಕ್ಕೆ ಅಂಚು ಬಿಟ್ಟುಕೊಳ್ಳುತ್ತದೆ, ಬಿಚ್ಚಿ ಮತ್ತೆ ತುಂಬಿಸುವಾಗ ಗುಂಡಿ ಸ್ವಲ್ಪ ದೊಡ್ಡದಾಗುತ್ತದೆ. ಮೂವತ್ತೆಂಟಕ್ಕೆ ಹಲ್ಲಿನ ಒಂದು ಗೋಡೆ ಮುರಿಯಿತು, ರೂಟ್ ಕೆನಾಲ್, ಮೇಲೊಂದು ಕ್ಯಾಪ್. ಐವತ್ತೈದಕ್ಕೆ ಕ್ಯಾಪಿನ ಕೆಳಗೆ ಮತ್ತೆ ಹುಳುಕು, ಈ ಸಲ ಹಲ್ಲು ಹೋಯಿತು, ಆ ಜಾಗಕ್ಕೆ ಇಂಪ್ಲಾಂಟ್, ಅಂದರೆ ದವಡೆಯ ಮೂಳೆಗೇ ಕೂರಿಸುವ ಕೃತಕ ಹಲ್ಲು. ಕಿತ್ತಿದ್ದರೆ ಒಂದು ಭೇಟಿಯಲ್ಲಿ ಮುಗಿಯುತ್ತಿದ್ದ ಹಲ್ಲು ನಲವತ್ತು ವರ್ಷದಲ್ಲಿ ಹತ್ತು ಹದಿನೈದು ಭೇಟಿ ಬೇಡಿತು. ಇಲ್ಲಿ ಜನರ ಬಾಯಿ ಮೊದಲಿಗಿಂತ ಆರೋಗ್ಯವಾಗಿದೆ, ಚಿಕಿತ್ಸೆಯ ಬೇಡಿಕೆಯೂ ಮೊದಲಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿದೆ.

ಮೂರನೇ ಕಾಲದಲ್ಲಿ ಆ ಹಲ್ಲು ಹುಳುಕಾಗಲೇ ಇಲ್ಲ. ಮೂವತ್ತು ನಲವತ್ತು ವರ್ಷ ಅದಕ್ಕೆ ಡಾಕ್ಟರ ಅಗತ್ಯ ಬರಲಿಲ್ಲ ಎನ್ನಬಹುದು. ಆದರೆ ಎಪ್ಪತ್ತು ದಾಟಿದಾಗ ವಸಡು ಹಿಂದೆ ಸರಿದು ಬೇರು ಹೊರಗೆ ಕಾಣುತ್ತದೆ. ಬೇರಿಗೆ ಹಲ್ಲಿನ ಮೇಲ್ಭಾಗದಂತೆ ಗಟ್ಟಿ ಎನಾಮೆಲ್ ಕವಚ ಇಲ್ಲ. ಬಿಪಿ, ಖಿನ್ನತೆ, ಅಲರ್ಜಿಯ ಎಷ್ಟೋ ಮಾತ್ರೆಗಳು ಬಾಯಿ ಒಣಗಿಸುತ್ತವೆ. ಜೊಲ್ಲು ಕಡಿಮೆಯಾದ ಬಾಯಲ್ಲಿ ಬೇರಿನ ಹುಳುಕು ಬೇಗ ಹಬ್ಬುತ್ತದೆ. ಅಂದರೆ ಕೆಲಸ ಇಲ್ಲವಾಗಲಿಲ್ಲ, ಹನ್ನೆರಡು ವರ್ಷದ ಹುಡುಗನಿಂದ ಎಪ್ಪತ್ತೈದರ ಅಜ್ಜನಿಗೆ ವರ್ಗಾವಣೆಯಾಯಿತು.

1980ರ ದಶಕದ ಲೆಕ್ಕಿಗರು ನೋಡಿದ್ದು ಮೂರನೇ ಕಾಲದ ಮಕ್ಕಳನ್ನು. ಆಗ ದುಡಿಯುವ ವಯಸ್ಸಿನಲ್ಲಿದ್ದ ಬಹುಪಾಲು ಜನ ಎರಡನೇ ಕಾಲದವರು ಎಂಬುದನ್ನು ಅವರು ಎಣಿಸಲಿಲ್ಲ. ಮಕ್ಕಳ ಬಾಯಿ ಸುಧಾರಿಸಿದ್ದು ಇಡೀ ಸಮಾಜದ ಬಾಯಿಯಾಗಲು ಅರುವತ್ತು ಎಪ್ಪತ್ತು ವರ್ಷ ಬೇಕು.

ಇಂಗ್ಲೆಂಡಿನ ಸಾಲು

ಇದನ್ನು ಇಂಗ್ಲೆಂಡಿನಷ್ಟು ಸ್ಪಷ್ಟವಾಗಿ ತೋರಿಸುವ ದೇಶ ಕಡಿಮೆ, ಏಕೆಂದರೆ ಅವರು ಹತ್ತು ವರ್ಷಕ್ಕೊಮ್ಮೆ ಜನರ ಬಾಯಿ ತೆರೆಸಿ ಎಣಿಸಿದ್ದಾರೆ. 1968ರ ಸಮೀಕ್ಷೆಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ವಯಸ್ಕರಲ್ಲಿ ನೂರಕ್ಕೆ 37 ಮಂದಿಗೆ ಬಾಯಲ್ಲಿ ಸ್ವಂತದ ಒಂದು ಹಲ್ಲೂ ಇರಲಿಲ್ಲ. ಹೆಣ್ಣುಮಗಳಿಗೆ ಮದುವೆಗೆ ಮೊದಲೇ ಎಲ್ಲ ಹಲ್ಲು ಕೀಳಿಸಿ ಸೆಟ್ಟು ಕಟ್ಟಿಸಿಕೊಡುವುದು, ಮುಂದೆ ಗಂಡನಿಗೆ ಆ ಖರ್ಚು ಬೀಳದಿರಲಿ ಎಂದು, ಅಲ್ಲಿನ ಕೆಲವು ಕಡೆ ಉಡುಗೊರೆಯೆಂದೇ ನಡೆಯುತ್ತಿತ್ತು. ವರದಕ್ಷಿಣೆಯ ನಾನಾ ರೂಪ ಕಂಡ ನಮಗೂ ಇದು ಸ್ವಲ್ಪ ಜಾಸ್ತಿಯೇ ಅನ್ನಿಸೀತು. 1948ರ ಜುಲೈ 5ರಂದು ಎಲ್ಲರಿಗೂ ಉಚಿತ ಚಿಕಿತ್ಸೆಯ ರಾಷ್ಟ್ರೀಯ ಆರೋಗ್ಯ ಸೇವೆ ಶುರುವಾದಾಗ ಸೆಟ್ಟಿಗೆ ಜನ ಮುಗಿಬಿದ್ದರು. ಮೂರೇ ವರ್ಷದಲ್ಲಿ, 1951ರಲ್ಲಿ, ಸರ್ಕಾರ ಸೆಟ್ಟು ಮತ್ತು ಕನ್ನಡಕಕ್ಕೆ ಶುಲ್ಕ ಹಾಕಬೇಕಾಯಿತು. ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಅದನ್ನು ಪ್ರತಿಭಟಿಸಿ ಸಂಪುಟದಿಂದ ಹೊರಬಂದರು. ಕಟ್ಟಿದ ಹಲ್ಲಿನ ವಿಷಯಕ್ಕೆ ಮಂತ್ರಿ ಪದವಿ ಬಿಟ್ಟವರು ಬೇರೆಲ್ಲಾದರೂ ಇದ್ದಾರೋ ಕಾಣೆ.

1970ರ ದಶಕದ ಆರಂಭದಲ್ಲಿ ಫ್ಲೋರೈಡ್ ಪೇಸ್ಟ್ ಅಲ್ಲಿ ಮನೆಮನೆ ತಲುಪಿತು. ಫ್ಲೋರೈಡ್ ನೀರು ಸಿಗುವುದು ಬ್ರಿಟನ್ನಿನ ಹತ್ತರಲ್ಲೊಬ್ಬರಿಗೆ ಮಾತ್ರ, ಹಾಗಾಗಿ ಹೆಚ್ಚಿನ ಶ್ರೇಯ ಪೇಸ್ಟಿಗೇ ಸಲ್ಲಬೇಕು. 1973ರಲ್ಲಿ ಹನ್ನೆರಡು ವರ್ಷದ ಮಕ್ಕಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿಗೆ ಕಾಯಂ ಹಲ್ಲಿನಲ್ಲಿ ಹುಳುಕು ತಗುಲಿತ್ತು. 2013ರಲ್ಲಿ 34 ಮಂದಿಗೆ. 2009ರ ಹೊತ್ತಿಗೆ ಹಲ್ಲೇ ಇಲ್ಲದ ವಯಸ್ಕರು ನೂರಕ್ಕೆ 6ಕ್ಕೆ ಇಳಿದಿದ್ದರು. ನಲವತ್ತು ವರ್ಷದಲ್ಲಿ 37ರಿಂದ 6.

ಈ ಎರಡು ತುದಿಗಳ ನಡುವೆ ಒಂದು ಪೀಳಿಗೆ ಇದೆ. ಅವರ ಬಾಲ್ಯದಲ್ಲಿ ಫ್ಲೋರೈಡ್ ಪೇಸ್ಟ್ ಇನ್ನೂ ಬಂದಿರಲಿಲ್ಲ, ಆದರೆ ಕೀಳುವ ಬದಲು ತುಂಬಿಸುವ ಡಾಕ್ಟರುಗಳು ಬಂದಿದ್ದರು. ಪಾದರಸ ಬೆಳ್ಳಿಯ ಮಿಶ್ರಣ ತುಂಬಿದ ದವಡೆಗಳ ಈ ಜನರನ್ನು ಅಲ್ಲಿನ ದಂತವೈದ್ಯರು 'ಹೆವಿ ಮೆಟಲ್ ಪೀಳಿಗೆ' ಎಂದೇ ಕರೆಯುತ್ತಾರೆ. ಈಗ ಅವರು ಅರುವತ್ತು ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಪ್ರತಿ ಫಿಲ್ಲಿಂಗೂ ಒಂದು ಸಾಲದ ಪತ್ರ ಇದ್ದಂತೆ, ಬಡ್ಡಿ ಕಟ್ಟುವ ಕಾಲ ಈಗ ಬಂದಿದೆ.

2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್ ನಗರದ ಸೇಂಟ್ ಪಾಲ್ಸ್‌ನಲ್ಲಿ ಸರ್ಕಾರಿ ದರದ ಹಲ್ಲಿನ ಕ್ಲಿನಿಕ್ ಒಂದು ಹೊಸ ರೋಗಿಗಳ ಹೆಸರು ಬರೆದುಕೊಳ್ಳುತ್ತದೆ ಎಂದಾಗ ರಸ್ತೆಯುದ್ದಕ್ಕೂ ನೂರಾರು ಜನ ಸಾಲು ನಿಂತರು, ಪೊಲೀಸರು ಬಂದು ನಿಭಾಯಿಸಬೇಕಾಯಿತು. ಅರ್ಧ ಶತಮಾನದ ಹಿಂದಿನವರಿಗಿಂತ ಎಷ್ಟೋ ಒಳ್ಳೆಯ ಹಲ್ಲುಗಳಿರುವ ದೇಶದಲ್ಲಿ ಇದು ನಡೆಯಿತು. ಇದಕ್ಕೆ ಹಲ್ಲಿಗಿಂತ ಸರ್ಕಾರ ಡಾಕ್ಟರುಗಳ ಜೊತೆ ಮಾಡಿಕೊಂಡ ಕರಾರು ಹೆಚ್ಚು ಕಾರಣ. 2006ರಲ್ಲಿ ಬಂದ ಒಪ್ಪಂದದ ಪ್ರಕಾರ ಒಂದು ಹಲ್ಲು ತುಂಬಿಸಿದರೂ, ಆರು ಹಲ್ಲು ತುಂಬಿಸಿದರೂ ಡಾಕ್ಟರಿಗೆ ಹೆಚ್ಚುಕಡಿಮೆ ಒಂದೇ ಹಣ. 2022ರಲ್ಲಿ ಸ್ವಲ್ಪ ತಿದ್ದಿದರೂ, ಹಾಳಾದ ಬಾಯಿಯ ಹೊಸ ರೋಗಿ ಎಂದರೆ ನಷ್ಟ ಎಂಬ ಭಾವನೆ ಅಷ್ಟು ಹೊತ್ತಿಗೆ ಬೇರೂರಿತ್ತು. ಡಾಕ್ಟರುಗಳು ಖಾಸಗಿ ಕಡೆ ವಾಲಿದರು. ಒಟ್ಟಾರೆ ಹುಳುಕು ಇಳಿದರೂ ಉಳಿದದ್ದು ಬಡ ಬಡಾವಣೆಗಳಲ್ಲಿ ಗುಡ್ಡೆಯಾಗಿದೆ: ಇಂಗ್ಲೆಂಡಿನಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆಗೆ ದಾಖಲಾಗುವ ಮೊದಲ ಕಾರಣ ಈಗಲೂ ಹಲ್ಲಿನ ಹುಳುಕೇ. ಸರಾಸರಿ ಅಂಕಿಗೆ ಈ ಮಕ್ಕಳು ಕಾಣುವುದಿಲ್ಲ.

ಜಪಾನಿನದು ಇನ್ನೊಂದು ಬಗೆ. 1989ರಲ್ಲಿ ಅಲ್ಲಿನ ಸರ್ಕಾರ ಮತ್ತು ದಂತವೈದ್ಯರ ಸಂಘ ಸೇರಿ '8020' ಎಂಬ ಆಂದೋಲನ ಶುರು ಮಾಡಿದರು. 80 ವರ್ಷಕ್ಕೆ ಬಾಯಲ್ಲಿ ಸ್ವಂತದ 20 ಹಲ್ಲಿರಲಿ, ಅಷ್ಟಿದ್ದರೆ ಬಹುಪಾಲು ಆಹಾರ ಅಗಿಯಬಹುದು ಎಂಬುದು ಗುರಿ. ಆಗ ಆ ವಯಸ್ಸಿನವರಲ್ಲಿ ಹತ್ತರಲ್ಲಿ ಒಬ್ಬರಿಗೂ ಅಷ್ಟು ಹಲ್ಲಿರಲಿಲ್ಲ. 2016ರ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇತ್ತು. ಅಲ್ಲಿ ದಂತವೈದ್ಯರು ಒಂದು ಲಕ್ಷಕ್ಕೂ ಹೆಚ್ಚು, ಹಲ್ಲಿನ ಕ್ಲಿನಿಕ್ಕುಗಳು ಮೂಲೆಮೂಲೆಯಲ್ಲಿರುವ ಕನ್ವೀನಿಯನ್ಸ್ ಅಂಗಡಿಗಳಿಗಿಂತ ಜಾಸ್ತಿ. ಮಕ್ಕಳೂ ಕಡಿಮೆ, ಅವರ ಹುಳುಕೂ ಕಡಿಮೆ. ಹಾಗಿದ್ದರೂ ಕ್ಲಿನಿಕ್ಕುಗಳು ಒಮ್ಮೆಗೇ ಬೀಗ ಹಾಕಲಿಲ್ಲ. ಹಲ್ಲು ಉಳಿಸಿಕೊಂಡ ವೃದ್ಧರ ವಸಡಿನ ತೊಂದರೆ ಹೊಸ ಕೆಲಸವಾಯಿತು. 1999ರಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನ, ವೃದ್ಧಾಶ್ರಮಗಳಲ್ಲಿ ಬಾಯಿ ಸ್ವಚ್ಛ ಮಾಡಿಸಿದರೆ ನ್ಯುಮೋನಿಯಾ ಕಡಿಮೆಯಾಗುತ್ತದೆ ಎಂದು ತೋರಿಸಿತು. ಬಾಯಿಯ ಕೊಳೆ ನಿದ್ದೆಯಲ್ಲಿ ಶ್ವಾಸಕೋಶಕ್ಕೆ ಇಳಿಯುವುದರಿಂದ ಬರುವ ನ್ಯುಮೋನಿಯಾ ಅದು. ಹಾಸಿಗೆ ಹಿಡಿದವರ ಮನೆಗೇ ಹೋಗಿ ಹಲ್ಲು ನೋಡುವುದು ಅಲ್ಲಿ ವಿಮೆಯಡಿ ಬರುವ ಸೇವೆಯಾಗಿದೆ.

ಬೇಕಾದದ್ದು ಯಾರಿಗೆ, ಬರುವವರು ಯಾರು

ಇಲ್ಲಿಯವರೆಗೆ ಬೇಡಿಕೆ ಎಂದರೆ ಕಾಯಿಲೆಯ ನೆರಳು ಎಂಬಂತೆ ಮಾತಾಡಿದೆ. ಅದು ಅರ್ಧಸತ್ಯ. ಹಲ್ಲಿನ ಮಟ್ಟಿಗೆ ಅಗತ್ಯ ಬೇರೆ, ಬೇಡಿಕೆ ಬೇರೆ. ನೋವಿದ್ದೂ ಲವಂಗದ ಎಣ್ಣೆ ಹಚ್ಚಿಕೊಂಡು ಮಲಗುವವನದು ಬೇಡಿಕೆಯಿಲ್ಲದ ಅಗತ್ಯ. ಒಂದು ಹುಳುಕೂ ಇಲ್ಲದೆ, ಮದುವೆ ಫೋಟೊಗೆ ಹಲ್ಲು ಬಿಳಿ ಮಾಡಿಸಲು ಬರುವವನದು ಅಗತ್ಯವಿಲ್ಲದ ಬೇಡಿಕೆ. ಬಾಯಿಯ ಆರೋಗ್ಯ ಸುಧಾರಿಸಿದಂತೆ ಎರಡನೆಯವರು ಹೆಚ್ಚುತ್ತಾರೆ. ನೋವಿಲ್ಲದ ಬಾಯಲ್ಲಿ ವಾರೆಹಲ್ಲು ಕಣ್ಣಿಗೆ ಬೀಳುತ್ತದೆ. ಅರ್ಧ ಹಲ್ಲು ಹುಳುಕಾದವರು ಯಾರೂ ಕ್ಲಿಪ್ಪಿನ ಬಗ್ಗೆ ಯೋಚಿಸುವುದಿಲ್ಲ.

ಹಣ ಬೇಡಿಕೆಯನ್ನು ಎಷ್ಟು ತಿರುಗಿಸುತ್ತದೆ ಎಂಬುದಕ್ಕೆ ಅಮೆರಿಕದ ರಾಂಡ್ ಸಂಸ್ಥೆ 1974ರಿಂದ 1982ರವರೆಗೆ ನಡೆಸಿದ ಆರೋಗ್ಯ ವಿಮೆಯ ಪ್ರಯೋಗ ಒಳ್ಳೆಯ ಸಾಕ್ಷಿ. ಹಲ್ಲಿನ ಚಿಕಿತ್ಸೆ ಪೂರ್ತಿ ಉಚಿತವಾದ ಕುಟುಂಬಗಳು ಮೊದಲ ವರ್ಷ ಕ್ಲಿನಿಕ್ಕಿಗೆ ನುಗ್ಗಿದವು, ಎಷ್ಟೋ ವರ್ಷ ಮುಂದೂಡಿದ್ದನ್ನೆಲ್ಲ ಮಾಡಿಸಿಕೊಂಡವು. ಎರಡನೇ ವರ್ಷದಿಂದ ನೂಕುನುಗ್ಗಲು ಇಳಿದು ಸಮಸ್ಥಿತಿಗೆ ಬಂತು. ಉಚಿತ ಮಾಡಿದರೆ ಕೊನೆಯಿಲ್ಲದ ಖರ್ಚು ಎಂದು ಹೆದರಿಸುವವರು ಈ ಎರಡನೇ ವರ್ಷವನ್ನು ಹೇಳುವುದಿಲ್ಲ.

ಇನ್ನೊಂದು ಪಕ್ಷವೂ ಇದೆ. ರೋಗಿಗಳು ಆರೋಗ್ಯವಾಗಿದ್ದು, ಡಾಕ್ಟರುಗಳು ಜಾಸ್ತಿಯಿದ್ದು, ಮಾಡಿದ ಕೆಲಸಕ್ಕಷ್ಟೇ ಹಣ ಸಿಗುವಂತಿದ್ದರೆ ಕೆಲಸ ಹುಡುಕಿಕೊಳ್ಳುವ ಆಸೆ ಹುಟ್ಟುತ್ತದೆ. ಕಾದು ನೋಡಬಹುದಾದ ಕಂದು ಚುಕ್ಕೆಗೆ ಡ್ರಿಲ್ ಹಾಕುವುದು, ಆರು ತಿಂಗಳಿಗೊಮ್ಮೆ ಬರಲೇಬೇಕು ಎನ್ನುವುದು. ಆರು ತಿಂಗಳ ಆ ನಿಯಮಕ್ಕೆ ವೈಜ್ಞಾನಿಕ ಆಧಾರವೇನು ಎಂದು ಲಂಡನ್ನಿನ ಆಬ್ರಿ ಶೈಹಾಮ್ 1977ರಲ್ಲೇ ಕೇಳಿದ್ದರು, ಉತ್ತರ ಬರಲು ಬಹಳ ವರ್ಷ ಹಿಡಿಯಿತು. 2020ರಲ್ಲಿ ಹೊರಬಂದ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ಎರಡು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ನಾಲ್ಕು ವರ್ಷ ಗಮನಿಸಿ, ತೊಂದರೆಯ ಸಂಭವ ಕಡಿಮೆಯಿದ್ದವರು ಆರು ತಿಂಗಳಿಗೆ ಬಂದರೂ ಎರಡು ವರ್ಷಕ್ಕೆ ಬಂದರೂ ಬಾಯಿಯ ಸ್ಥಿತಿಯಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ ಎಂದಿತು. ಹಾಗೆಂದು ಓದುಗರು ನಾಳೆಯ ಅಪಾಯಿಂಟ್‌ಮೆಂಟ್ ರದ್ದು ಮಾಡುವುದು ಬೇಡ. ಸಕ್ಕರೆ ಕಾಯಿಲೆ ಇರುವವರು, ಗುಟ್ಕಾ ಅಡಿಕೆ ಅಗಿಯುವವರು, ವಸಡಿನಲ್ಲಿ ರಕ್ತ ಬರುವವರು ಆ 'ಕಡಿಮೆ ಸಂಭವ'ದ ಗುಂಪಿಗೆ ಸೇರುವುದಿಲ್ಲ. ನಮ್ಮಲ್ಲಿ ಇಂಥವರ ಸಂಖ್ಯೆ ಸಣ್ಣದಲ್ಲ.

ನಮ್ಮ ಕಡೆಯ ಲೆಕ್ಕ

ಕರ್ನಾಟಕದಲ್ಲಿ ಮೇಲೆ ಹೇಳಿದ ಮೂರು ಕಾಲಗಳೂ ಒಟ್ಟಿಗೇ ಬದುಕುತ್ತಿವೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗೆ ಮೂರನೇ ಕಾಲ, ಅದರ ಅಪ್ಪ ಅಮ್ಮನಿಗೆ ಎರಡನೆಯದು, ಆ ಮನೆಗೆ ಕೆಲಸಕ್ಕೆ ಬರುವ ಹೆಂಗಸಿಗೆ ಮೊದಲನೆಯದು.

ಫ್ಲೋರೈಡ್ ವಿಷಯದಲ್ಲಂತೂ ನಮ್ಮದು ತಿರುಗುಮುರುಗು. ಅಮೆರಿಕದವರು ನೀರಿಗೆ ಬೆರೆಸಿದ್ದನ್ನು ನಾವು ಪಾವಗಡ, ಬಾಗೇಪಲ್ಲಿ, ಮುಂಡರಗಿಯ ಬೋರ್‌ವೆಲ್ ನೀರಿನಿಂದ ತೆಗೆಯಲು ಒದ್ದಾಡುತ್ತಿದ್ದೇವೆ. ವಿಚಿತ್ರವೆಂದರೆ ಎರಡೂ ಕತೆಗಳ ಬೇರು ಒಂದೇ. 1901ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಲ್ಲಿನವರ ಹಲ್ಲಿನ ಮೇಲೆ ಕಂದು ಕಲೆ ಕಂಡು ಬೆರಗಾಗಿ, ದಶಕಗಟ್ಟಲೆ ಅದರ ಬೆನ್ನು ಹತ್ತಿದ. ಕಲೆಯಾದ ಹಲ್ಲಿಗೆ ಹುಳುಕು ಅಷ್ಟಾಗಿ ಹಿಡಿಯುವುದಿಲ್ಲ ಎಂದು ಕಂಡುಕೊಂಡ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅತಿಯಾದರೆ ಬರುವ ಕಲೆ ಅದು. ಆ ಕಲೆ ಪಾವಗಡದ ಶಾಲೆಯೊಂದರಲ್ಲಿ ಇವತ್ತಿಗೂ ಕಾಣಸಿಗುತ್ತದೆ, ಬೆರಗಾಗುವವರು ಮಾತ್ರ ಇಲ್ಲ.

ಭಾರತದಲ್ಲಿ 2002–03ರಲ್ಲಿ ಭಾರತೀಯ ದಂತವೈದ್ಯ ಪರಿಷತ್ತು ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹನ್ನೆರಡು ವರ್ಷದ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ, 35–44ರ ವಯಸ್ಸಿನವರಲ್ಲಿ ನೂರಕ್ಕೆ 80 ಮಂದಿಗೆ ಹುಳುಕು ಕಂಡಿತ್ತು. ಅಗತ್ಯಕ್ಕೇನೂ ಕೊರತೆ ಇಲ್ಲ. ದಂತವೈದ್ಯರಿಗೂ ಇಲ್ಲ. ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು, ನಮ್ಮ ರಾಜ್ಯವೊಂದರಲ್ಲೇ ನಲವತ್ತಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿವೆ. ಆದರೂ ಸೀಟು ತುಂಬುವುದಿಲ್ಲ. 2020–21ರ ಸಾಲಿನಲ್ಲಿ ಸುಮಾರು 7,000 ಬಿಡಿಎಸ್ ಸೀಟು ಖಾಲಿ ಉಳಿದಿದ್ದರಿಂದ, ಅರ್ಹತಾ ಅಂಕವನ್ನು 10 ಪರ್ಸೆಂಟೈಲ್ ಇಳಿಸಿ ತುಂಬಿಸಿ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ ಹೇಳಬೇಕಾಯಿತು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆ ಹೊಸ ಅರ್ಥದಲ್ಲಿ ಇಲ್ಲಿಗೆ ಹೊಂದುತ್ತದೆ: ರೋಗವಿರುವಲ್ಲಿ ಡಾಕ್ಟರಿಲ್ಲ, ಡಾಕ್ಟರಿರುವ ರಸ್ತೆಯಲ್ಲಿ ರೋಗಿಗಾಗಿ ನಾಲ್ಕು ಬೋರ್ಡುಗಳ ಪೈಪೋಟಿ.

ನಡುವೆ ಏನು ಅಡ್ಡ? ಮೈಸೂರಿನ ಅದೇ ಡಾಕ್ಟರು ಹೇಳಿದ್ದು. ನಂಜನಗೂಡು ಕಡೆಯಿಂದ ಹೆಂಗಸೊಬ್ಬರು ಬಂದರು, ದವಡೆ ಹಲ್ಲು ನೋವು. ನೋಡಿದರೆ ಉಳಿಸಬಹುದಾದ ಹಲ್ಲು. "ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕೋಣಮ್ಮ, ಮೂರು ಸಲ ಬರಬೇಕು, 8,000 ಆಗುತ್ತೆ" ಅಂದರಂತೆ. ಕೀಳಲು 500. ಆಕೆ ಬೆರಳು ಮಡಚಿ ಲೆಕ್ಕ ಹಾಕಿದರು. ಮೂರು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ದುಡ್ಡು ಬೇಡವಾದರೂ ದಿನ ಬೇಕಲ್ಲ. "ಕಿತ್ತುಬಿಡಿ ಸ್ವಾಮಿ, ನೋವು ಹೋದ್ರೆ ಸಾಕು." ಕೀಳುವ ಮುಂಚೆ ಕೇಳಿದ ಒಂದೇ ಪ್ರಶ್ನೆ, "ಕಣ್ಣಿಗೆ ಏನೂ ಆಗಲ್ಲ ತಾನೆ?" ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತದೆ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಎರಡು ನಂಬಿಕೆಗಳು ಓದಿದವರ ಮನೆಯಲ್ಲೂ ಇವೆ. ಕೊಳೆಗಾರೆ ಕಟ್ಟಿಕೊಂಡೇ ನಿಂತಿದ್ದ ಹಲ್ಲು ಗಾರೆ ತೆಗೆದ ಮೇಲೆ ಅಲುಗಾಡಿದಂತೆ ಅನಿಸುವುದರಿಂದ ಎರಡನೆಯದಕ್ಕೆ ಸ್ವಲ್ಪ ಮಟ್ಟಿಗೆ ಕಾರಣ ಸಿಕ್ಕೀತು. ಮೊದಲನೆಯದಕ್ಕೆ ಯಾವ ಕಾರಣವೂ ಇಲ್ಲ.

ನಮ್ಮ ಬಹುಪಾಲು ಆರೋಗ್ಯ ವಿಮೆಗಳು ಅಪಘಾತವಾಗದ ಹೊರತು ಹಲ್ಲಿನ ಖರ್ಚು ಕೊಡುವುದಿಲ್ಲ. ಬಡವರಿಗೆಂದು ನಮ್ಮ ರಾಜ್ಯ ತಂದ, ಜನರಿಗೆ ಹೆಸರು ಗೊತ್ತಿರುವ ಹಲ್ಲಿನ ಯೋಜನೆ ಎಂದರೆ ದಂತಭಾಗ್ಯ: ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ಟು. ಒಳ್ಳೆಯದೇ, ಮುದ್ದೆಯನ್ನೂ ನುಂಗಲಾಗದೆ ಗಂಜಿಗೆ ಬಂದವರಿಗೆ ಅದು ದೊಡ್ಡ ಸಹಾಯ. ಆದರೆ ಸರ್ಕಾರ ಬಾಗಿಲು ತಟ್ಟುವುದು ಹಲ್ಲೆಲ್ಲ ಹೋದ ಮೇಲೆ. 1948ರ ಬ್ರಿಟನ್ ನಿಂತಿದ್ದೂ ಅಲ್ಲೇ. ಅದೇ ಬಡವರ ಆರು ವರ್ಷದ ಮೊಮ್ಮಗಳ ದವಡೆ ಹಲ್ಲಿನ ಗೆರೆಗಳಿಗೆ ಹುಳುಕು ತಡೆಯುವ ತೆಳು ಲೇಪ, ಸೀಲೆಂಟ್, ಹಚ್ಚಲು ಸೆಟ್ಟಿನ ಖರ್ಚಿನ ಒಂದು ಚೂರು ಸಾಕು.

ನನ್ನ ಅಂದಾಜು ಇಷ್ಟು. ಮುಂದಿನ ಇಪ್ಪತ್ತು ವರ್ಷ ಕರ್ನಾಟಕದಲ್ಲಿ ಬಾಯಿಯ ಆರೋಗ್ಯ ಸುಧಾರಿಸಿದಷ್ಟೂ ಚಿಕಿತ್ಸೆಯ ಬೇಡಿಕೆ ಏರುತ್ತದೆ. ಏಕೆಂದರೆ ನಮ್ಮ ಬಹುಪಾಲು ಜನ ಮೊದಲ ಕಾಲದಿಂದ ಎರಡನೆಯದಕ್ಕೆ ದಾಟುತ್ತಿದ್ದಾರೆ, ಕೀಳಿಸುವುದರಿಂದ ಉಳಿಸುವುದಕ್ಕೆ. ಹಾಗಾಗಿ ದಂತವೈದ್ಯರು ಹೆಚ್ಚಾದರು ಎಂಬ ಗೋಳು ಅರ್ಧ ಸರಿ. ಅವರು ಒಂದೇ ಕಡೆ, ಒಂದೇ ಬಗೆಯ ಕೆಲಸಕ್ಕೆ ಹೆಚ್ಚಾದರು. ಇಂಪ್ಲಾಂಟ್ ತರಬೇತಿಯ ಜಾಹೀರಾತು ವಾರಕ್ಕೆರಡು ಕಾಣುತ್ತದೆ. ಹಾಸಿಗೆ ಹಿಡಿದ ವೃದ್ಧರ ಬಾಯಿ ನೋಡಿಕೊಳ್ಳುವ ತರಬೇತಿಯ ಜಾಹೀರಾತನ್ನು ನಾನು ಕಂಡಿಲ್ಲ.

ಇದು ನನಗೆ ಹೊಳೆದದ್ದು ಪುಸ್ತಕ ಓದಿ ಅಲ್ಲ. ನಮ್ಮ ಅತ್ತೆಗೆ ಎಪ್ಪತ್ತೊಂಬತ್ತರಲ್ಲಿ ಪಾರ್ಶ್ವವಾಯು ಆಯಿತು, ಬಲಗೈ ಹೋಯಿತು. ಅವರ ಬಾಯಲ್ಲಿ ಇಪ್ಪತ್ತನಾಲ್ಕು ಸ್ವಂತ ಹಲ್ಲುಗಳಿದ್ದವು, ಎರಡು ಕ್ಯಾಪು. ಜೀವಮಾನವಿಡೀ ಉಪ್ಪು ಇದ್ದಿಲಿನಿಂದ ಪೇಸ್ಟಿನವರೆಗೆ ಒಂದು ದಿನ ತಪ್ಪದೆ ಉಜ್ಜಿದವರು, ಆ ಬಗ್ಗೆ ಹೆಮ್ಮೆಯಿತ್ತು. ಎಡಗೈಯಲ್ಲಿ ಬ್ರಶ್ ಹಿಡಿಯಲು ಬರಲಿಲ್ಲ. ಮೂರು ತಿಂಗಳಲ್ಲಿ ವಸಡು ಊದಿ ಬಾಯಿ ವಾಸನೆ ಬರತೊಡಗಿತು, ಒಂದು ಹಲ್ಲಿನ ಬೇರು ಕಪ್ಪಾಯಿತು. ನೋಡಿಕೊಳ್ಳಲು ಬರುತ್ತಿದ್ದ ಹುಡುಗಿ ಒಳ್ಳೆಯವಳು, ಸ್ನಾನ ಮಾಡಿಸುವುದು, ಮಗ್ಗುಲು ಬದಲಿಸುವುದು ಎಲ್ಲ ಕಲಿತಿದ್ದಳು. ಹಲ್ಲು ಉಜ್ಜಿಸುವುದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. "ಹಿಂದಿನ ಮನೆ ಅಜ್ಜಿಗೆ ಸೆಟ್ಟಿತ್ತು ಅಣ್ಣ, ತೆಗೆದು ನೀರಲ್ಲಿ ಹಾಕಿದ್ರೆ ಆಯ್ತು. ಇವರಿಗೆ ಹಲ್ಲಿರೋದೇ ಕಷ್ಟ" ಅಂದಳು.

ನಮ್ಮ ಮನೆಯಿಂದ ಅರ್ಧ ಕಿಲೋಮೀಟರಿನೊಳಗೆ ಐದು ಹಲ್ಲಿನ ಕ್ಲಿನಿಕ್ಕುಗಳಿವೆ. ನಾಲ್ಕಕ್ಕೆ ಫೋನ್ ಮಾಡಿದೆ, ಕುರ್ಚಿಯಲ್ಲಿ ಕೂರಿಸದೆ ನೋಡಲಾಗುವುದಿಲ್ಲ ಎಂದರು. ಐದನೆಯ ಕಡೆಯ ಹುಡುಗಿ, ಬಿಡಿಎಸ್ ಮುಗಿಸಿ ಎರಡು ವರ್ಷವಾಗಿತ್ತಂತೆ, ಸಂಜೆ ಕ್ಲಿನಿಕ್ ಮುಗಿಸಿಕೊಂಡು ಸ್ಕೂಟರಿನಲ್ಲಿ ಬಂದಳು. ಹಣೆಗೆ ಟಾರ್ಚ್ ಕಟ್ಟಿಕೊಂಡು ಮಂಚದ ಪಕ್ಕ ಮಂಡಿಯೂರಿ ಕೂತು ಗಾರೆ ತೆಗೆದಳು, ಕಪ್ಪಾದ ಬೇರಿಗೆ ಏನೋ ಬಳಿದಳು. ಆಮೇಲೆ ಅಡುಗೆಮನೆಯಿಂದ ಚಮಚದ ಹಿಡಿ ತರಿಸಿ, ಅದಕ್ಕೆ ಗಾಜ್ ಬಟ್ಟೆ ಸುತ್ತಿ, ಬಾಯಿ ಹೇಗೆ ತೆರೆಸಬೇಕು, ಬ್ರಶ್ ಎಲ್ಲಿಂದ ಶುರು ಮಾಡಬೇಕು ಎಂದು ನೋಡಿಕೊಳ್ಳುವ ಹುಡುಗಿಗೆ ತೋರಿಸಿಕೊಟ್ಟಳು. ಫೀಸು ಎಷ್ಟು ಎಂದರೆ ಸುಮ್ಮನೆ ನಿಂತಳು. ಮನೆಗೆ ಬಂದು ಹಲ್ಲು ನೋಡುವುದಕ್ಕೆ ಎಷ್ಟು ಕೇಳಬೇಕು ಎಂದು ಅವಳಿಗೂ ಗೊತ್ತಿರಲಿಲ್ಲ.